ಗಾರ್ಡ್ ತೆಗೆದ ಮಷಿನ್ ನಮ್ಮ ಅಂಗಳಕ್ಕೆ ಬೇಡ

ಹೊನವಾಡದ ತೋಟದ ವಸ್ತಿಗಳಲ್ಲಿ ಈಗ ಎತ್ತ ಹೋದರೂ ಕಬ್ಬಿಣ ಕೊಯ್ಯುವ ಸದ್ದು. ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಸುಗ್ಗಿ ಹತ್ತಿರ ಬಂತು. ಕೆಲವರು ಹೊಸ ಶೆಡ್ಡು ನಿಲ್ಲಿಸುತ್ತಿದ್ದಾರೆ, ಕೆಲವರು ಹಳೆಯ ಶೆಡ್ಡಿಗೆ ಇನ್ನೆರಡು ಅಂತಸ್ತು ಏರಿಸುತ್ತಿದ್ದಾರೆ. ದ್ರಾಕ್ಷಿ ಪಡದ ಚಪ್ಪರಕ್ಕೆ ಆ್ಯಂಗಲ್ ಬೇಕು, ಶೆಡ್ಡಿಗೆ ಪೈಪು ಬೇಕು, ಜಾಳಿಗೆ ಬಿಗಿಯಲು ತಂತಿ ಬೇಕು. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ದ್ರಾಕ್ಷಿ ಬೆಳೆದಂತೆ ವೆಲ್ಡಿಂಗ್ ಅಂಗಡಿಗಳೂ ಬೆಳೆದವು. ಮೊದಲು ಕಮ್ಮಾರರ ಕುಲುಮೆಯಲ್ಲಿ ಆಗುತ್ತಿದ್ದ ಕೆಲಸ ಈಗ ಹೊಲದ ಬದುವಿನಲ್ಲೇ, ಒಂದು ಗ್ರೈಂಡರ್ ಮತ್ತು ಒಂದು ವೆಲ್ಡಿಂಗ್ ಸೆಟ್ಟಿನಲ್ಲಿ ಮುಗಿಯುತ್ತದೆ.

ಕಳೆದ ವಾರ ಪರಿಚಯದ ರೈತರೊಬ್ಬರ ತೋಟಕ್ಕೆ ಹೋಗಿದ್ದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಆ್ಯಂಗಲ್ ಕೊಯ್ಯುತ್ತಿದ್ದ. ಕಾಲಲ್ಲಿ ಹವಾಯಿ ಚಪ್ಪಲಿ. ಕಬ್ಬಿಣ ಅಲುಗದಂತೆ ಅದೇ ಕಾಲಿನಿಂದ ಒತ್ತಿ ಹಿಡಿದಿದ್ದ. ಕೈಯಲ್ಲಿ ನಾಲ್ಕು ಇಂಚಿನ ಗ್ರೈಂಡರ್. ವೀಲನ್ನು ಮುಚ್ಚುವ ಗಾರ್ಡ್ ಇಲ್ಲ, ಪಕ್ಕದ ಹಿಡಿಕೆ ಇಲ್ಲ. ಕಣ್ಣಿಗೆ ಕನ್ನಡಕವೂ ಇಲ್ಲ. ಕಿಡಿ ಕಣ್ಣಿಗೆ ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿದ್ದ. ಅಂದರೆ ತಾನು ಕೊಯ್ಯುವುದು ಅವನಿಗೇ ಕಾಣುತ್ತಿರಲಿಲ್ಲ. ಮಷಿನ್ನಿನ ವೈರಿಗೆ ಪ್ಲಗ್ ಇರಲಿಲ್ಲ. ಎರಡು ತಂತಿಯ ತುದಿ ಸುಲಿದು ಬೋರ್ಡಿನ ತೂತಿಗೆ ಹಾಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದರು.

ಕೆಲಸ ನಿಂತ ಮೇಲೆ ಹತ್ತಿರ ಹೋಗಿ ಕೇಳಿದೆ: "ಗಾರ್ಡ್ ಎಲ್ಲೈತೋ ತಮ್ಮಾ?"

"ಅಂಗಡ್ಯಾಗ ಐತ್ರಿ ಕಾಕಾ. ಹಾಕಿದ್ರ ಮೂಲ್ಯಾಗ ವೀಲ್ ಹೋಗಂಗಿಲ್ರಿ. ತಗದ್ರ ಕೆಲಸ ಲಗೂ ಆಗ್ತೈತಿ."

ಸಂಜೆ ಅವನ ಜೊತೆಗೇ ಅಂಗಡಿಗೆ ಹೋದೆ. ಕಪಾಟಿನ ಕೆಳಗಿನ ಖಾನೆಯಿಂದ ಮಷಿನ್ನಿನ ಪೆಟ್ಟಿಗೆ ತೆಗೆದು ತೋರಿಸಿದ. ಗಾರ್ಡ್, ಹಿಡಿಕೆ, ವೀಲ್ ಬಿಗಿಯುವ ಪಾನಾ ಮೂರೂ ಅದರಲ್ಲಿದ್ದವು. ಗಾರ್ಡಿನ ಮೇಲಿನ ಪ್ಲಾಸ್ಟಿಕ್ ಚೀಲ ಕೂಡ ಹರಿದಿರಲಿಲ್ಲ. ಮಷಿನ್ ಕೊಂಡು ಎರಡು ವರ್ಷವಾಯಿತಂತೆ. ಎರಡು ವರ್ಷದಿಂದ ಆ ಹುಡುಗನ ಮುಖ ಕಾಯಬೇಕಾದ ತಗಡು ಪೆಟ್ಟಿಗೆಯಲ್ಲಿ ಹೊಸದಾಗಿಯೇ ಉಳಿದಿದೆ.

ಈ ವಾರ ಬರೆಯಬೇಕಾದದ್ದು ಇದನ್ನೇ ಎಂದು ಅಲ್ಲಿಯೇ ನಿರ್ಧರಿಸಿದೆ.

ಗಾಳಿಯಲ್ಲಿ ತಿರುಗುವ ಕಲ್ಲು

ಆ ತೆಳು ವೀಲ್ ಎಂಥದ್ದು ಎಂಬ ಲೆಕ್ಕ ಒಮ್ಮೆ ಮಾಡಿ ನೋಡೋಣ. ನಾಲ್ಕು ಇಂಚಿನ ಗ್ರೈಂಡರ್ ಬರಿದೆ ತಿರುಗುವಾಗ ನಿಮಿಷಕ್ಕೆ ಸುಮಾರು 11,000 ಸುತ್ತು ಹಾಕುತ್ತದೆ. ಸೆಕೆಂಡಿಗೆ 183 ಸುತ್ತು. ವೀಲಿನ ಅಂಚು ಆಗ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿರುತ್ತದೆ. ವಿಜಯಪುರ–ಅಥಣಿ ರಸ್ತೆಯಲ್ಲಿ ಅಷ್ಟು ವೇಗದ ವಾಹನ ಎದುರಿಗೆ ಬಂದರೆ ನಾವು ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತೇವೆ. ಅದೇ ವೇಗದ ವಸ್ತುವನ್ನು ಮೊಣಕಾಲ ಪಕ್ಕದಲ್ಲಿ, ಮುಖದಿಂದ ಒಂದು ಮೊಳ ದೂರದಲ್ಲಿ ಹಿಡಿದು ಕೂಡುತ್ತೇವೆ.

ಕಬ್ಬಿಣ ಕೊಯ್ಯುವ ಆ ವೀಲ್ ಒಂದು ಮಿಲಿಮೀಟರ್ ಚಿಲ್ಲರೆ ದಪ್ಪ. ಅದು ಕಬ್ಬಿಣದ್ದಲ್ಲ. ಸಾಣೆಯ ಹರಳುಗಳನ್ನು ರಾಳದಲ್ಲಿ ಕಲಸಿ, ಗಾಜಿನ ನಾರಿನ ಜಾಳಿಗೆ ಒಳಗಿಟ್ಟು ಒತ್ತಿದ ಬಿಲ್ಲೆ. ನೇರವಾಗಿ ಕೊಯ್ದರೆ ಗಟ್ಟಿ. ಸ್ವಲ್ಪ ಓರೆಯಾದರೆ, ಸಂದಿಯಲ್ಲಿ ಸಿಕ್ಕಿಕೊಂಡರೆ ಒಡೆಯುತ್ತದೆ. ಒಡೆದ ಚೂರು ಅದೇ ವೇಗದಲ್ಲಿ ಹೊರಡುತ್ತದೆ. ಆ ಚೂರಿಗೂ ಕೆಲಸಗಾರನ ಕುತ್ತಿಗೆಗೂ ನಡುವೆ ಇರುವುದು ಗಾರ್ಡ್ ಒಂದೇ.

ಈ ಮಷಿನ್ ಹುಟ್ಟಿದ್ದು 1954ರಲ್ಲಿ, ಜರ್ಮನಿಯ ಫ್ಲೆಕ್ಸ್ ಕಂಪನಿಯಲ್ಲಿ. ಅಲ್ಲಿ ಇಂದಿಗೂ ಜನ ಗ್ರೈಂಡರನ್ನು ಫ್ಲೆಕ್ಸ್ ಎಂದೇ ಕರೆಯುತ್ತಾರೆ. ಇಂದು ಮಾರುಕಟ್ಟೆಗೆ ಬರುವ ಒಳ್ಳೆಯ ಮಷಿನ್ನುಗಳೆಲ್ಲ ಗಾರ್ಡಿನೊಡನೆಯೇ ಬರುತ್ತವೆ. ಅದನ್ನು ತಿರುಗಿಸಿ, ಬೇಕಾದ ಕೋನಕ್ಕೆ ಕೂಡಿಸಬಹುದು. ಹುಡುಗ ಹೇಳಿದ ಮೂಲೆಯ ತೊಂದರೆ ನಿಜ. ಆದರೆ ಅಂಥ ಮೂಲೆ ದಿನಕ್ಕೆ ಒಂದೋ ಎರಡೋ ಬರುತ್ತದೆ. ಅಲ್ಲಿಗೆ ಹ್ಯಾಕ್ಸಾ ಇದೆ. ಆ ಒಂದು ಮೂಲೆಗಾಗಿ ದಿನದ ನೂರು ಕೊಯ್ತವನ್ನೂ ಗಾರ್ಡ್ ಇಲ್ಲದೆ ಮಾಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಗಾರ್ಡ್ ತೆಗೆಯಲು ಇನ್ನೊಂದು ಕಾರಣವಿದೆ. ಅದು ಇನ್ನೂ ಕೆಟ್ಟದ್ದು. ಗಾರ್ಡ್ ಇಲ್ಲದಿದ್ದರೆ ದೊಡ್ಡ ವೀಲ್ ಹಿಡಿಸುತ್ತದೆ. ದೊಡ್ಡ ಮಷಿನ್ನಿನಲ್ಲಿ ಸವೆದು ಸಣ್ಣದಾದ ವೀಲನ್ನು ಬುಷ್ ಹಾಕಿ ಸಣ್ಣ ಮಷಿನ್ನಿಗೆ ಕೂಡಿಸುವವರಿದ್ದಾರೆ. ಪ್ರತಿ ವೀಲಿನ ಮೇಲೂ ಅದು ತಾಳುವ ಗರಿಷ್ಠ ಸುತ್ತು ಅಚ್ಚಾಗಿರುತ್ತದೆ. ನಾಲ್ಕು ಇಂಚಿನದಕ್ಕೆ ಸುಮಾರು 15,000. ಏಳು ಇಂಚಿನದಕ್ಕೆ ಸುಮಾರು 8,500. ಹದಿನಾಲ್ಕು ಇಂಚಿನದಕ್ಕೆ 4,300ರ ಸುತ್ತಮುತ್ತ. 8,500 ತಾಳುವುದನ್ನು 11,000ಕ್ಕೆ ತಿರುಗಿಸಲು ಇಟ್ಟರೆ ತಯಾರಿಸಿದವರು ಹಾಕಿದ ಮಿತಿಯನ್ನು ದಾಟಿದಂತೆ. ವೀಲನ್ನು ಹರಿದು ಹಾಕುವ ಬಲ ವೇಗದ ವರ್ಗದಂತೆ ಏರುತ್ತದೆ. ಮೂಲ ಅಳತೆಯ ವೀಲಿಗಾದರೆ ಆ ಬಲ ಒಂದೂವರೆ ಪಟ್ಟನ್ನೂ ದಾಟುತ್ತದೆ.

ವೀಲಿನ ನಡುವಿನ ಲೋಹದ ಬಳೆಯನ್ನೂ ನೋಡಿ. ಒಳ್ಳೆಯ ಕಂಪನಿಯ ವೀಲ್ ಮೇಲೆ ವಾಯಿದೆ ಮುಗಿಯುವ ತಿಂಗಳು, ವರ್ಷ ಇರುತ್ತದೆ. ಔಷಧಿಯ ಬಾಟಲಿಗೆ ನೋಡುವಂತೆ ಇದಕ್ಕೂ ನೋಡಬೇಕು. ತೇವದಲ್ಲಿ ಬಿದ್ದ ವೀಲಿನ ರಾಳ ಬಲ ಕಳೆದುಕೊಳ್ಳುತ್ತದೆ. ಔಷಧ ಹೊಡೆಯುವ ಡ್ರಮ್ಮಿನ ಪಕ್ಕದಲ್ಲಿ, ಹಸಿ ನೆಲದ ಮೇಲೆ ವೀಲುಗಳನ್ನು ಎಸೆದಿಡುವುದು ನಮ್ಮ ರೂಢಿ. ಅವುಗಳ ಜಾಗ ಒಣ ಕಪಾಟು.

ಕಟ್ಟಿಗೆ ಕೊಯ್ಯಲು ಹಲ್ಲಿನ ಗರಗಸದ ಬ್ಲೇಡನ್ನು ಗ್ರೈಂಡರಿಗೆ ಹಾಕುವುದನ್ನಂತೂ ಇವತ್ತೇ ಬಿಡಬೇಕು. ಹಲ್ಲು ಕಟ್ಟಿಗೆಯನ್ನು ಕಚ್ಚಿದ ಕ್ಷಣ ಮಷಿನ್ ಹಿಂದಕ್ಕೆ ಒದೆಯುತ್ತದೆ. ಒದ್ದ ಮಷಿನ್ ಕೈ ಬಿಟ್ಟರೆ ತೊಡೆ, ಹೊಟ್ಟೆ, ಕುತ್ತಿಗೆ ಎಂದು ನೋಡುವುದಿಲ್ಲ. ಕಟ್ಟಿಗೆಗೆ ಕಟ್ಟಿಗೆಯ ಗರಗಸವೇ ಬೇಕು.

ನಾನು ಸುಮ್ಮನಿದ್ದ ದಿನ

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಕಂಡೂ ಸುಮ್ಮನಿದ್ದೆ. ಹತ್ತಾರು ವರ್ಷದ ಹಿಂದೆ ನಮ್ಮ ಮನೆಯ ಕಿಟಕಿಗಳಿಗೆ ಗ್ರಿಲ್ ಕೂಡಿಸುವ ಕೆಲಸ ನಡೆದಿತ್ತು. ಗೃಹಪ್ರವೇಶಕ್ಕೆ ನಾಲ್ಕೇ ದಿನ. ಬೆಸುಗೆಯ ಗಂಟು ಉಜ್ಜಿ ನುಣುಪು ಮಾಡುತ್ತಿದ್ದ ಸಹಾಯಕನ ಕಣ್ಣಿಗೆ ಏನೂ ಇರಲಿಲ್ಲ. ನಾನು ನೋಡಿದೆ. ಹೇಳಬೇಕೆನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ ಮಾತು: "ಸಂಜಿ ಒಳಗ ಮುಗಸ್ರಿ."

ಮಧ್ಯಾಹ್ನ ಅವನ ಕಣ್ಣಿಗೆ ಚೂರು ಸಿಡಿಯಿತು. ಜೊತೆಗಿದ್ದವರು ಟವೆಲ್ಲಿನ ತುದಿ ಚೂಪು ಮಾಡಿ ತೆಗೆಯಲು ನೋಡಿದರು. ಕಣ್ಣು ಕೆಂಪಾಯಿತು. ಊದಿದರು, ಉಜ್ಜಿದರು. ಅವನು ಸಂಜೆಯವರೆಗೆ ಕೆಲಸ ಮಾಡಿದ, ಮರುದಿನವೂ ಬಂದ. ಮೂರನೆಯ ದಿನ ಕಣ್ಣು ತೆರೆಯಲಾಗಲಿಲ್ಲ. ಡಾಕ್ಟರ ಬಳಿ ಹೋಗುವಷ್ಟರಲ್ಲಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿ ಕೀವು ತುಂಬಿತ್ತು. ಗುಣವಾಯಿತು, ಆದರೆ ಅಲ್ಲಿ ಬಿಳಿಯ ಕಲೆ ಉಳಿಯಿತು. ಆ ಕಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಆಸ್ಪತ್ರೆಯ ಖರ್ಚು ಕೊಟ್ಟೆ. ಕಣ್ಣು ಕೊಡಲಾಗಲಿಲ್ಲ. ಆ ಗ್ರಿಲ್ ಇಂದಿಗೂ ನಮ್ಮ ಪಡಸಾಲೆಯ ಕಿಟಕಿಯಲ್ಲಿದೆ.

ಅಂದಿನಿಂದ ನಾನು ಕಲಿತ ಪಾಠ ಒಂದೇ. ಕೆಲಸಕ್ಕೆ ಕರೆದವರು ಅವಸರ ಮಾಡಿದರೆ ಕೆಲಸಗಾರ ಗಾರ್ಡ್ ತೆಗೆಯುತ್ತಾನೆ. ಕರೆದವರು ಗಾರ್ಡ್ ಕೇಳಿದರೆ ಕೆಲಸಗಾರ ಹಾಕುತ್ತಾನೆ. ತಪ್ಪನ್ನು ಪೂರ್ತಿ ಅವನ ಹಣೆಗೆ ಕಟ್ಟಿ ನಾವು ಪಾರಾಗುವಂತಿಲ್ಲ.

ಕಣ್ಣಿನ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು ಇಷ್ಟು. ಧೂಳೋ ಸಣ್ಣ ಕಣವೋ ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಬಟ್ಟೆಯ ತುದಿ, ಬೆಂಕಿಕಡ್ಡಿ, ಸೂಜಿ, ನಾಲಿಗೆ ಯಾವುದೂ ಕಣ್ಣಿಗೆ ತಾಗಬಾರದು. ಎಣ್ಣೆ, ತುಪ್ಪ, ಎದೆಹಾಲು ಹಾಕಬಾರದು. ಕಬ್ಬಿಣದ ಚೂರು ಕಪ್ಪುಗುಡ್ಡೆಗೆ ಅಂಟಿದರೆ ದಿನ ಕಳೆಯುವುದರೊಳಗೆ ಅದರ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ಆದ್ದರಿಂದ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಚೂರು ಕಣ್ಣಿನೊಳಗೆ ಚುಚ್ಚಿಕೊಂಡಿದ್ದರೆ ತೊಳೆಯಲೂ ಬೇಡಿ, ಕೀಳಲೂ ಬೇಡಿ. ಚಹಾ ಕುಡಿಯುವ ಕಾಗದದ ಕಪ್ಪನ್ನು ಕಣ್ಣಿಗೆ ಒತ್ತದಂತೆ ಮುಚ್ಚಿ, ಪಟ್ಟಿ ಹಾಕಿ ಕರೆದೊಯ್ಯಿರಿ.

ರಕ್ಷಣೆಯ ಕನ್ನಡಕ ನೂರು–ನೂರೈವತ್ತು ರೂಪಾಯಿಗೆ ಸಿಗುತ್ತದೆ. ಬಿಸಿಲಿನ ಚಸ್ಮಾ ಇದಕ್ಕಾಗದು. ಪೆಟ್ಟು ತಿಂದರೆ ಅದರ ಗಾಜೇ ಒಡೆದು ಕಣ್ಣಿಗೆ ಚುಚ್ಚಬಹುದು. ಕನ್ನಡಕದ ಮೇಲೆ ಐಎಸ್‌ಐ ಗುರುತು, ಇಲ್ಲವೆ ಈಎನ್ 166 ಅಥವಾ ಜೆಡ್ 87 ಎಂಬ ಬರಹ ಇದೆಯೇ ನೋಡಿ ಕೊಳ್ಳಿ.

ಎಂಸಿಬಿ ಮನುಷ್ಯನನ್ನು ಕಾಯುವುದಿಲ್ಲ

ಇನ್ನು ಪ್ಲಗ್ಗಿನ ಬದಲು ಬೋರ್ಡಿಗೆ ಸಿಕ್ಕಿಸಿದ್ದ ಆ ಬೆಂಕಿಕಡ್ಡಿಯ ಮಾತು. ತೋಟದ ಮನೆಗೆ ಹೆಸ್ಕಾಂನಿಂದ ಬರುವ ಕರೆಂಟು 230 ವೋಲ್ಟು. ಬೆವರಿದ, ಹಸಿಯಾದ ಮೈ ಅದಕ್ಕೆ ಒಡ್ಡುವ ತಡೆ ಸುಮಾರು 1,000 ಓಮ್. ಭಾಗಿಸಿದರೆ ಮೈಯೊಳಗೆ ಹರಿಯುವುದು 0.23 ಆಂಪಿಯರ್. ಎದೆಬಡಿತ ತಪ್ಪಿಸಲು ಇದು ಬೇಕಾದಷ್ಟಾಯಿತು.

"ಎಂಸಿಬಿ ಐತಲ್ರಿ, ಬೀಳ್ತೈತಿ" ಎನ್ನುವವರಿದ್ದಾರೆ. ಎಂಸಿಬಿ 6 ಆಂಪಿಯರ್, 16 ಆಂಪಿಯರ್ ದಾಟಿದರೆ ಬೀಳುವಂಥದ್ದು. ಅದು ವೈರನ್ನು ಕಾಯುತ್ತದೆ. ಮನುಷ್ಯನನ್ನು ಕೊಲ್ಲುವ ಕಾಲು ಆಂಪಿಯರ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. ಹೋದ ಕರೆಂಟು ಅಷ್ಟೇ ಹಿಂದಿರುಗಿತೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆಯಾದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಮೀಟರ್ ಬೋರ್ಡಿನಲ್ಲಿ ಒಂದು ಹಾಕಿಸಿದರೆ ಇಡೀ ಮನೆಗೆ ಕಾವಲು. ಅದರ ಮೇಲೆ ಟೆಸ್ಟ್ ಎಂಬ ಗುಂಡಿಯಿದೆ. ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ನೋಡಿ.

ಗ್ರೈಂಡರ್, ಡ್ರಿಲ್ ಮಷಿನ್ನಿನ ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ಹೊದಿಕೆ ಇದೆ ಎಂದರ್ಥ. ಎರಡು ತಂತಿಯ ವೈರು ಸಾಕು. ಆದರೆ ವೆಲ್ಡಿಂಗ್ ಸೆಟ್ಟು, ಪಂಪು, ಮೇವು ಕತ್ತರಿಸುವ ಮಷಿನ್ನಿನ ಮೋಟಾರು ಇವಕ್ಕೆ ಅರ್ಥಿಂಗ್ ಇರಲೇಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ. ಒಣ ಮಣ್ಣು ಕರೆಂಟನ್ನು ಸರಿಯಾಗಿ ಹೀರಿಕೊಳ್ಳದು. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ವೈರು ಎಲ್ಲಾದರೂ ಸುಲಿದಿದ್ದರೆ ಟೇಪು ಸುತ್ತಿ ಮುಂದುವರಿಯಬೇಡಿ, ಬದಲಿಸಿ. ಬೆಂಕಿಕಡ್ಡಿಯ ಜಾಗಕ್ಕೆ ಒಂದು ಪ್ಲಗ್ ಬರಲಿ.

ಗ್ರಾನೈಟ್ ಕೊಯ್ಯುವಾಗ ಧೂಳು ಏಳದಿರಲೆಂದು ನೀರು ಬಿಡುತ್ತಾರೆ. ಅದು ಒಳ್ಳೆಯದೇ. ಗ್ರಾನೈಟಿನ ನುಣ್ಣನೆಯ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಬಂದರೆ ಅದನ್ನು ಗುಣಪಡಿಸುವ ಮದ್ದಿಲ್ಲ. ಆದರೆ ನೀರು ಮತ್ತು ಕರೆಂಟು ಒಂದೆಡೆ ಸೇರಿದಾಗ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಲೇಬಾರದು.

ಸೆರಗು, ಬೆರಳು, ಬಣವೆ

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ದಿನವೂ ಮುಟ್ಟುವ ಮಷಿನ್ ಕಣಕಿ ಕತ್ತರಿಸುವುದು. ಎಮ್ಮೆಗೆ ಮೇವು ಹಾಕುವ ಹೊತ್ತಿನಲ್ಲಿ, ಅರೆಗತ್ತಲಲ್ಲಿ ಅದು ಓಡುತ್ತದೆ. ರೋಲರ್ ಕಣಕಿಯನ್ನು ಒಳಗೆಳೆಯುತ್ತದೆ. ಸಿಕ್ಕಿಕೊಂಡ ಕಣಕಿಯನ್ನು ಕೈಯಿಂದ ದೂಡಿದರೆ ಕೈಯನ್ನೂ ಎಳೆಯುತ್ತದೆ. ಸಿಕ್ಕಿದರೆ ಮೊದಲು ಸ್ವಿಚ್ ತೆಗೆಯಿರಿ, ಚಕ್ರ ಪೂರ್ತಿ ನಿಲ್ಲಲಿ, ಆಮೇಲೆ ಬಿಡಿಸಿ. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ಬೆಲ್ಟಿನ ಮೇಲಿನ ತಗಡು ಕಳಚಿಹೋಗಿದ್ದರೆ ವೆಲ್ಡಿಂಗ್ ಹುಡುಗ ತೋಟಕ್ಕೆ ಬಂದ ದಿನ ಒಂದು ಹೊಸದು ಮಾಡಿಸಿ.

ಟ್ರ್ಯಾಕ್ಟರಿನಿಂದ ಓಡುವ ಬ್ಲೋವರ್ ಸಹ ಅಷ್ಟೇ ಅಪಾಯಕಾರಿ. ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಸೀರೆಯ ಅಂಚೋ ಲುಂಗಿಯೋ ತಾಗಿದರೆ ಸೆಕೆಂಡಿಗೆ ಒಂದು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. "ಅಯ್ಯೋ" ಎನ್ನಲೂ ಹೊತ್ತಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕೊಳವೆ ಒಡೆದಿದ್ದರೆ ಅದನ್ನು ಕಿತ್ತೆಸೆದು ಕೆಲಸ ಮುಂದುವರಿಸುವವರೇ ಹೆಚ್ಚು. ಅದೂ ಗಾರ್ಡೇ. ಹೊಸದು ತನ್ನಿ.

ಪಂಜಾಬ್, ಹರಿಯಾಣದ ಕಡೆ ಗೋದಿ ಒಕ್ಕುವ ಯಂತ್ರಕ್ಕೆ ಸಿಕ್ಕು ಸಾವಿರಾರು ಕೂಲಿಕಾರರು ಕೈ ಕಳೆದುಕೊಂಡ ಕಾಲವೊಂದಿತ್ತು. ಆ ಮೇಲೆಯೇ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಯಂತ್ರ ತಯಾರಿಸುವವರ, ಮಾರುವವರ, ಬಳಸುವವರ ಹೊಣೆಯನ್ನೂ ಗಾಯಗೊಂಡವರಿಗೆ ಪರಿಹಾರದ ದಾರಿಯನ್ನೂ ಅದು ಬರೆದಿಟ್ಟಿದೆ. ಅದಕ್ಕೂ ಮುಂಚೆ 1948ರ ಕಾರ್ಖಾನೆ ಕಾಯ್ದೆ ತಿರುಗುವ ಯಂತ್ರಕ್ಕೆ ಬೇಲಿ ಇರಬೇಕು, ಚೂರು ಸಿಡಿಯುವ ಕೆಲಸಕ್ಕೆ ಕಣ್ಣಿನ ರಕ್ಷಣೆ ಕೊಡಬೇಕು ಎಂದಿತ್ತು. ಆದರೆ ಇಬ್ಬರು ಮೂವರು ದುಡಿಯುವ ವೆಲ್ಡಿಂಗ್ ಅಂಗಡಿಗೆ, ತೋಟದ ವಸ್ತಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಅಲ್ಲಿ ಇನ್ಸ್‌ಪೆಕ್ಟರ್ ನಾವೇ ಆಗಬೇಕು.

ಪಡಗಳಿಗೆ ಈಗ ಬ್ಯಾಟರಿ ಕತ್ತರಿ ಬಂದಿದೆ. ಕಡ್ಡಿ ಸವರುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎರಡಕ್ಕೂ ಅನುಕೂಲ. ಕೈ ಸೋಲುವುದಿಲ್ಲ, ಹೆಬ್ಬೆರಳ ದಪ್ಪದ ಕಡ್ಡಿ ಗುಂಡಿ ಒತ್ತಿದರೆ ತುಂಡು. ಹೆಬ್ಬೆರಳ ದಪ್ಪದ ಕಡ್ಡಿ ಕತ್ತರಿಸುವುದು ಹೆಬ್ಬೆರಳನ್ನೂ ಕತ್ತರಿಸುತ್ತದೆ ಎಂಬುದು ನೆನಪಿರಲಿ. ಹಳೆಯ ಕತ್ತರಿಯಲ್ಲಿ ಎಡಗೈಯಿಂದ ಕಡ್ಡಿ ಬಾಗಿಸಿ ಬಲಗೈಯಿಂದ ಕತ್ತರಿಸುವ ರೂಢಿ. ಅದೇ ರೂಢಿ ಬ್ಯಾಟರಿ ಕತ್ತರಿಗೆ ನಡೆಯದು. ಎಡಗೈ ಗೇಣು ದೂರವಿರಲಿ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಒಂದು ಉಪಾಯ ಕಂಡುಹಿಡಿದರು: ಬೆರಳು ತಾಗಿದ್ದನ್ನು ಅರಿತು, ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಗರಗಸ ತಾನೇ ನಿಲ್ಲುತ್ತದೆ. ನಾವು ಕೊಳ್ಳುವ ಸಾಮಾನ್ಯ ಕತ್ತರಿ, ಗರಗಸಗಳಿಗೆ ಆ ಅರಿವಿಲ್ಲ. ಇಲ್ಲಿ ಅರಿವು ಇರಬೇಕಾದದ್ದು ಹಿಡಿದವರಿಗೆ.

ಡ್ರಿಲ್ ಮಷಿನ್ ಹಿಡಿಯುವಾಗ ಹತ್ತಿಯ ನೂಲಿನ ಸಡಿಲ ಕೈಗವಸು ಬೇಡ; ಎಳೆ ಬಿಟ್ಟಿನ ಮೇಲೆ ಸುತ್ತಿಕೊಂಡು ಬೆರಳನ್ನೂ ತಿರುಚುತ್ತದೆ. ಯಾವ ಮಷಿನ್ ಆಗಲಿ, ವೀಲ್ ಅಥವಾ ಬಿಟ್ ಬದಲಿಸುವ ಮುನ್ನ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ.

ಕಿಡಿಯ ಅಪಾಯ ಬೆಂಕಿಗೂ ಉಂಟು. ಗ್ರೈಂಡರಿನ ಕಿಡಿ ಹಲವು ಅಡಿ ದೂರ ಹಾರುತ್ತದೆ. ನಮ್ಮ ವಸ್ತಿಗಳಲ್ಲಿ ಶೆಡ್ಡಿನ ಪಕ್ಕದಲ್ಲೇ ಕಣಕಿಯ ಬಣವೆ, ಮೇಲೆ ಪ್ಲಾಸ್ಟಿಕ್ ಜಾಳಿಗೆ. ಕಿಡಿ ಬಣವೆಯೊಳಗೆ ಹೊಕ್ಕರೆ ಕೂಡಲೇ ಉರಿಯುವುದಿಲ್ಲ, ಹೊಗೆಯಾಡುತ್ತಿದ್ದು ಕೆಲಸಗಾರರು ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಕೊಯ್ಯುವ ಜಾಗ ಬಣವೆಯಿಂದ ದೂರವಿರಲಿ, ಎರಡು ಕೊಡ ನೀರು ಪಕ್ಕದಲ್ಲಿರಲಿ, ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಒಬ್ಬರು ಅಲ್ಲೇ ಕಾಯಲಿ.

ಇಷ್ಟಾದರೂ ಬೆರಳು ತುಂಡಾದರೆ? ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ. ಅರಿಶಿನ, ಕಾಫಿ ಪುಡಿ ತುಂಬಬೇಡಿ. ತುಂಡಾದ ಬೆರಳನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಬರ್ಫದ ಮೇಲಿಡಿ. ಬೆರಳಿಗೆ ಬರ್ಫ ನೇರ ತಾಗಬಾರದು, ತಾಗಿದರೆ ಜೀವಕಣಗಳು ಸಾಯುತ್ತವೆ. 2008ರಿಂದ ನಮ್ಮಲ್ಲಿ 108 ಆಂಬುಲೆನ್ಸ್ ಇದೆ, ಕರೆಯಿರಿ. ಹೊನವಾಡದಿಂದ ದೊಡ್ಡ ಆಸ್ಪತ್ರೆಗೆ ತಿಕೋಟಾ ದಾಟಿ ವಿಜಯಪುರಕ್ಕೇ ಹೋಗಬೇಕು. ಹೊರಡುವ ಮೊದಲೇ ಫೋನು ಮಾಡಿ, ಬೆರಳು ಜೋಡಿಸುವ ಡಾಕ್ಟರು ಎಲ್ಲಿದ್ದಾರೆಂದು ಕೇಳಿಕೊಳ್ಳಿ. ದಾರಿಯಲ್ಲಿ ಕಳೆಯುವ ಪ್ರತಿ ಗಂಟೆಯೂ ಬೆರಳಿನ ಲೆಕ್ಕಕ್ಕೆ ಬೀಳುತ್ತದೆ.

ಯಾರು ಏನು ಮಾಡಬೇಕು

ಕೆಲಸಕ್ಕೆ ಕರೆಯುವ ರೈತರು, ಮನೆ ಕಟ್ಟಿಸುವವರು ಮೊದಲ ದಿನವೇ ಮಾತಾಡಿಕೊಳ್ಳಲಿ: ಗಾರ್ಡ್ ಇರುವ ಮಷಿನ್, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಫೂಟಿನ ದರ ಮಾತಾಡುವಾಗಲೇ ಇದನ್ನೂ ಮಾತಾಡಿ. ಎರಡು ಕನ್ನಡಕ ನಿಮ್ಮ ಮನೆಯಲ್ಲೇ ತಂದಿಟ್ಟುಕೊಳ್ಳಿ. ಸಂಜೆಯೊಳಗೆ ಮುಗಿಸಿ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ.

ವೆಲ್ಡಿಂಗ್ ಅಂಗಡಿಯ ಮಾಲೀಕರೇ, ನಿಮ್ಮಲ್ಲಿಗೆ ಕೆಲಸ ಕಲಿಯಲು ಬರುವ ಹುಡುಗರ ವಯಸ್ಸು ನೋಡಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಪ್ರಾಯಕ್ಕೆ ಬಂದವನಿಗೂ ಮೊದಲ ವಾರ ಕಲಿಸಬೇಕಾದದ್ದು ಗಾರ್ಡ್ ಕೂಡಿಸುವುದನ್ನು, ಎರಡು ಕೈಯಿಂದ ಮಷಿನ್ ಹಿಡಿಯುವುದನ್ನು. ನಿಮ್ಮ ಕೆಲಸಗಾರರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದೇ ಎಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಅಪಘಾತವಾದ ದಿನ ಆ ಕಾರ್ಡು ಮನೆಯವರ ಕೈ ಹಿಡಿಯುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಗೌಂಡಿ ಸೇರಿ 18 ಕಸುಬಿನವರಿಗೆ ತರಬೇತಿಯೂ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವೂ ಇದೆ. ತರಬೇತಿ ಕೊಡುವವರಲ್ಲಿ ನನ್ನ ವಿನಂತಿ: ಮೊದಲ ಪಾಠ ಸುರಕ್ಷತೆಯದ್ದಾಗಲಿ. ಪಡೆಯುವವರಲ್ಲಿ ವಿನಂತಿ: ಮೊದಲು ಕನ್ನಡಕ ಕೊಳ್ಳಿ, ಆಮೇಲೆ ಮಷಿನ್.

ಹಾರ್ಡ್‌ವೇರ್ ಅಂಗಡಿಯವರು ವೀಲ್ ಮಾರುವಾಗ ಯಾವ ಮಷಿನ್ನಿಗೆ ಎಂದು ಕೇಳಲಿ. ತಪ್ಪು ಅಳತೆಯದನ್ನು ಕೊಡದಿರಲಿ. ಗ್ರಾಮ ಪಂಚಾಯಿತಿಯವರು ಗ್ರಾಮಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಲಿ. ಸ್ತ್ರೀಶಕ್ತಿ ಸಂಘದ ತಾಯಂದಿರು ಕಣಕಿ ಮಷಿನ್ನಿನ ವಿಷಯವನ್ನು ತಮ್ಮ ವಾರದ ಸಭೆಯಲ್ಲಿ ಎತ್ತಲಿ.

ನಮ್ಮ ಕಡೆ ಖಂಡೇ ಪೂಜೆಯ ದಿನ ಎಲ್ಲ ಆಯುಧ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕೈ ಮುಗಿಯುತ್ತೇವೆ. ಅದೇ ದಿನ ಒಂದೊಂದು ಮಷಿನ್ನಿನ ವೈರು, ಗಾರ್ಡ್, ವೀಲಿನ ವಾಯಿದೆ ನೋಡುವುದನ್ನೂ ಪೂಜೆಗೆ ಸೇರಿಸಿಕೊಳ್ಳೋಣ. ಅಲ್ಲಿಯವರೆಗೆ ಕಾಯುವುದೂ ಬೇಡ. ಈ ಸಲದ ಮನೂಕ ಶೆಡ್ಡಿನ ಕೆಲಸದಿಂದಲೇ ಆರಂಭವಾಗಲಿ.

ಆ ಹುಡುಗನ ಅಂಗಡಿಯಲ್ಲಿ ಕೂತೇ ಗಾರ್ಡ್ ಕೂಡಿಸಿದೆವು. ಪ್ಲಾಸ್ಟಿಕ್ ಚೀಲ ಹರಿದು, ಕೊರಳಪಟ್ಟಿ ಬಿಗಿದು, ಹಿಡಿಕೆ ತಿರುಗಿಸಿ ಹಾಕುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಓದುಗರೇ, ನಾಳೆ ನಿಮ್ಮ ಅಂಗಳಕ್ಕೆ ಕೆಲಸಗಾರರು ಬಂದಾಗ ಒಂದು ಮಾತು ಕೇಳಿ: "ಗಾರ್ಡ್ ಎಲ್ಲೈತಿ?" ಅದು ಕೂಡುವವರೆಗೆ ಸ್ವಿಚ್ ಹಾಕಗೊಡಬೇಡಿ.